ಆಷಾಢಿ ಗಿಡದ ಮೂಡಲ ಟೊಂಗೆ

ಕರಿಬಸಪ್ಪನ ಮಾವಿನ ತೋಟದಲ್ಲಿ ಹೂ ಬಿಡುವುದಕ್ಕೂ ಒಂದು ಸರದಿ ಇತ್ತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಯ ಎಡೆಯಾದ ಚರಗ ಚೆಲ್ಲಿ ಬರುವ ಹೊತ್ತಿಗೆ ಪೈರಿ ಗಿಡ ಮೊಗ್ಗು ಹಿಡಿದಿರುತ್ತಿತ್ತು. ಅದರ ಬೆನ್ನಿಗೆ ಆಪೂಸು. ಸಂಕ್ರಾಂತಿ ದಾಟಿದ ಮೇಲೆ ಉಪ್ಪಿನಕಾಯಿಯ ನಾಟಿ ಗಿಡಗಳು. ಬಾವಿಯ ದಂಡೆಯ ನಿಂಬೆ, ದಾಳಿಂಬೆಗಳು ಯಾರಿಗೂ ಕಾಯದೆ ತಮಗೆ ಬೇಕಾದಾಗ ಅರಳಿಕೊಳ್ಳುತ್ತಿದ್ದವು, ಅವುಗಳ ಮಾತು ಬೇರೆ. ಎಲ್ಲ ಮುಗಿದು, ಶಿವರಾತ್ರಿಯೂ ಕಳೆದು, ಬಿಸಿಲು ಬೆನ್ನು ಸುಡಲು ಹತ್ತಿದಾಗ ತೋಟದ ಕೊನೆಯ ಮೂಲೆಯ ಆಷಾಢಿ ಗಿಡ ಕಣ್ಣು ಬಿಡುತ್ತಿತ್ತು. ಜನ ಉಳಿದ ಹಣ್ಣೆಲ್ಲ ತಿಂದು ಗೊರಟ ಒಗೆದ ಮೇಲೆ, ಮಳೆ ಹಿಡಿದ ಆಷಾಢದಲ್ಲಿ ಅದರ ಹಣ್ಣು. ಅದಕ್ಕೇ ಆ ಹೆಸರು.

“ಪೈರಿ ಅವಸರದಾಕಿ,” ಎನ್ನುತ್ತಿದ್ದ ಕರಿಬಸಪ್ಪ, ತೋಟಕ್ಕೆ ಬಂದವರು ಯಾರೇ ಇರಲಿ, ತೋಳು ಹಿಡಿದು ಗಿಡದಿಂದ ಗಿಡಕ್ಕೆ ನಡೆಸುತ್ತ. “ಆಪೂಸ ಬಿಂಕದಾಕಿ. ಒಂದ ವರ್ಷ ನಗತಾಳ, ಒಂದ ವರ್ಷ ಮಾರಿ ತಿರುವತಾಳ. ಈ ಆಷಾಢಿ ಐತೆಲ್ಲ, ಇದು ನಮ್ಮ ಅವ್ವ ಇದ್ದಂಗ ನೋಡ್ರಿ. ಎಲ್ಲಾರೂ ಉಂಡ ಮ್ಯಾಲ ಉಣ್ಣಾಕಿ.”

ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿತ್ತು ಆ ತೋಟ. ಕರಿಬಸಪ್ಪ ಒಳ್ಳೆಯ ಮನುಷ್ಯ. ಅವನ ಹೊಟ್ಟೆಯಲ್ಲಿ ರೊಟ್ಟಿ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ, ಅಷ್ಟೇ. ಅವನ ಎಮ್ಮೆ ಈದರೆ ಕರು ಎದ್ದು ನಿಲ್ಲುವುದರೊಳಗೆ ಊರಿಗೆಲ್ಲ ಸುದ್ದಿ. ಹೆಂಡತಿ ಶಿವಬಸವ್ವ ಇದನ್ನು ನಗುತ್ತಲೇ ಸಹಿಸಿಕೊಂಡು ಬಂದಿದ್ದಳು. ಆದರೆ ಚಳವಳಿ ಎದ್ದ ಮರುವರ್ಷ, ಅಂದರೆ ನಲವತ್ಮೂರನೆಯ ಇಸವಿಯ ಚಳಿಗಾಲದಲ್ಲಿ, ಗಂಡನಿಗೆ ಹೇಳಲಾಗದ ಒಂದು ಸಂಗತಿಯನ್ನು ಅವಳು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಆಷಾಢಿ ಗಿಡದ ಬುಡದಲ್ಲಿ, ನೆಲದೊಳಗೆ, ಅವಳ ತಮ್ಮ ಇದ್ದ.

ತಮ್ಮನ ಹೆಸರು ಪರಮೇಶಪ್ಪ. ಹತ್ತಿಮತ್ತೂರಿನ ತವರಿನಲ್ಲಿ ತಾಯಿ ತೀರಿಕೊಂಡ ಮೇಲೆ ಶಿವಬಸವ್ವನೇ ಟೊಂಕದ ಮೇಲೆ ಹೊತ್ತು ಬೆಳೆಸಿದ ಹುಡುಗ. ಯಲವಿಗಿಯಾಚೆ ರೈಲು ದಾರಿಯ ತಂತಿ ಕತ್ತರಿಸಿದವರಲ್ಲಿ ಅವನೂ ಒಬ್ಬ. ಏರಿಯಿಂದ ಜಿಗಿದಾಗ ಕಾಲಿನ ಕೀಲು ತಪ್ಪಿ, ಊದಿಕೊಂಡ ಕಾಲನ್ನು ಎಳೆಯುತ್ತ, ಯಾರದೋ ಹುಲ್ಲಿನ ಚಕ್ಕಡಿಯಲ್ಲಿ ಅಡಗಿ ಅಕ್ಕನ ತೋಟ ಮುಟ್ಟಿದ್ದ. ಜೊತೆಗಿದ್ದ ಗೆಳೆಯ, ಸವಣೂರಿನ ಆಚಾರ್ಯರ ಮನೆಯ ಅನಂತ, ಮಾಸೂರಿನ ಕಡೆ ಹೋಗಿದ್ದ. ಅಲ್ಲಿ ಎಲ್ಲಿ ಅಡಗಿದ್ದಾನೆ ಎನ್ನುವುದು ಪರಮೇಶಪ್ಪನಿಗೊಬ್ಬನಿಗೇ ಗೊತ್ತು.

ತೋಟ ಮಾಡುವ ಮೊದಲು ಆ ಮೂಲೆಯಲ್ಲಿ ಕಣವಿತ್ತು. ಕಣದ ಮಗ್ಗುಲಲ್ಲಿ ಜೋಳ ತುಂಬಿಡುವ ಹಗೇವು, ನೆಲದೊಳಗೆ ಗುಡಾಣದಂತೆ ತೋಡಿದ ಕುಣಿ. ಬಾಯಿ ಮಾತ್ರ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು, ಅದರ ಮೇಲೊಂದು ಹಾಸುಗಲ್ಲು. ಕರಿಬಸಪ್ಪನ ಅಪ್ಪನ ಕಾಲಕ್ಕೇ ಅದರ ಉಪಯೋಗ ನಿಂತಿತ್ತು. ಅದು ಅಲ್ಲಿದೆ ಎನ್ನುವುದು ಕರಿಬಸಪ್ಪನಿಗೂ ಮರೆತುಹೋಗಿತ್ತು. ತೋಟ ಕಾಯುವ ಮುದುಕ ಹುಚ್ಚಪ್ಪನಿಗೆ ಮರೆತಿರಲಿಲ್ಲ.

ಅಡಗಿಸುವುದು ಆಯಿತು, ಉಣಿಸುವುದು ಹೇಗೆ? ಊರ ಚಾವಡಿಯಲ್ಲಿ ಪೊಲೀಸರು ಬಿಡಾರ ಹೂಡಿದ್ದರು. ಬುತ್ತಿ ಒಯ್ಯುವ ಹೆಂಗಸರ ಬುಟ್ಟಿ ಇಳಿಸಿ, ಬುತ್ತಿಗೆ ಸುತ್ತಿದ ಅರಿವೆ ಬಿಚ್ಚಿಸಿ, “ಕಾಯೋ ಮುದುಕ ಒಬ್ಬ. ಇಷ್ಟ ರೊಟ್ಟಿ ಯಾರಿಗಬೇ?” ಎಂದು ಕೇಳುತ್ತಿದ್ದರು. ಹಾಗಾಗಿ ಅಡುಗೆ ತೋಟಕ್ಕೆ ಹೋಗುವಂತಿರಲಿಲ್ಲ. ಎತ್ತಿನ ಹಿಂಡಿಯ ಚೀಲದೊಳಗೆ ನುಚ್ಚು, ಹಿಟ್ಟು ಹೋಗುತ್ತಿದ್ದವು. ಬೇಯಿಸಿಕೊಳ್ಳುವುದು ಅಲ್ಲೇ. ಬೇಯಿಸಿದರೆ ಹೊಗೆ ಏಳುತ್ತದಲ್ಲ ಎಂದು ಶಿವಬಸವ್ವ ಚಿಂತೆ ಮಾಡಿದಾಗ ಹುಚ್ಚಪ್ಪನಿಗೆ ನಗು ಬಂತು.

“ಹೂವಿನ ದಿನದಾಗ ತೋಟಕ್ಕೆಲ್ಲಾ ಹೊಗಿ ಹಾಕೂದ ಐತೆಲ್ರಿ ಯವ್ವಾ. ಒಂದ ಹೊಗಿಯೊಳಗ ಇನ್ನೊಂದ ಹೊಗಿ ಯಾರಿಗೆ ಕಾಣತೈತಿ?”

ಅದು ನಿಜ. ಮಾವು ಹೂ ಬಿಟ್ಟಾಗ ಜಿಗಿಹುಳ ಬಿದ್ದು ಹೂವೆಲ್ಲ ಕರಗಿಹೋಗುತ್ತದೆ. ಅದಕ್ಕೆ ಸಂಜೆಯಾಗುತ್ತಲೇ ಹೂ ಬಿಟ್ಟ ಗಿಡದ ಬುಡದಲ್ಲಿ ತರಗೆಲೆ ಒಟ್ಟಿ, ಮೇಲೆ ಹಸಿ ಬೇವಿನ ಸೊಪ್ಪು ಒಗೆದು, ಉರಿಯೇಳದಂತೆ ಹೊಗೆಯೇಳುವಂತೆ ಬೆಂಕಿ ಇಡುವುದು ನಮ್ಮ ಕಡೆಯ ಪದ್ಧತಿ. ಆ ದಿನಗಳಲ್ಲಿ ದೂರದಿಂದ ನೋಡಿದರೆ ಪ್ರತಿ ತೋಟದ ತಲೆಯ ಮೇಲೂ ನೀಲಿ ಮುಸುಕು ಇರುತ್ತದೆ. ಪೈರಿಯ ಬುಡಕ್ಕೆ, ಆಪೂಸಿನ ಬುಡಕ್ಕೆ ಹೊಗೆ ಹಾಕುತ್ತ ಬಂದ ಹುಚ್ಚಪ್ಪ ಕಡೆಗೆ ಮೂಲೆಯ ಆಷಾಢಿಯ ಬುಡದಲ್ಲೂ ಒಂದು ಗುಡ್ಡೆ ಒಟ್ಟಿ ಬೆಂಕಿ ಇಡುತ್ತಿದ್ದ. ಆ ಹೊಗೆಯ ಹಿಂದೆ ಹಾಸುಗಲ್ಲು ಸರಿಯುತ್ತಿತ್ತು.

ಆಷಾಢಿಗೆ ಆಗ ಹೂವಿರಲಿಲ್ಲ. ಹೂವಿಲ್ಲದ ಗಿಡಕ್ಕೆ ಹೊಗೆ ಯಾಕೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಶಿವಬಸವ್ವ ನಿಂಬೆಹಣ್ಣಿನ ನೆವ ಮಾಡಿ ಬಂದಳು. ಪರಮೇಶಪ್ಪ ಹಗೇವಿನ ಬಾಯಲ್ಲಿ ಕುಳಿತು, ಊದಿದ ಕಾಲು ಚಾಚಿ, ನುಚ್ಚಿನ ಗಂಜಿ ಊದಿ ಊದಿ ಕುಡಿಯುತ್ತಿದ್ದ.

“ಬರಬ್ಯಾಡಂತ ಹೇಳಿದ್ದೆನಲ್ಲ ಅಕ್ಕಾ.”

“ನನ್ನ ತ್ವಾಟಕ್ಕ ನಾ ಬರಾಕ ನಿನ್ನ ಕೇಳಬೇಕೇನು? ಕಾಲ ತೋರ್ಸು.”

“ಕಾಲ ಬಿಡು, ಮಾರಿ ನೋಡು. ಹಗೇವಿನಾಗಿನ ಹಳೇ ಜ್ವಾಳ ಆಗೇನಿ. ಮುಗ್ಗಲ ವಾಸನಿ.”

“ಮೊದಲೂ ಹಂಗ ಇದ್ದಿ. ಜಳಕ ಅಂದ್ರ ಊರ ಬಿಟ್ಟು ಓಡ್ತಿದ್ದಿ.”

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಅವನು ಗಂಜಿಯ ಪರಾತ ಕೆಳಗಿಟ್ಟು ಅಂಗಿಯೊಳಗಿನಿಂದ ಕೊರಳ ಲಿಂಗ ಹೊರತೆಗೆದ.

“ಕೈ ಕೊಡು.”

“ಯಾಕ?”

“ಯಾರರ ಈ ಕಡೆ ಬಂದ್ರ ಕಲ್ಲ ಮುಚ್ಚ್ರಿ. ಮುಚ್ಚಿದ ಮ್ಯಾಲ ಅವರು ಹೋಗೂತನಕ ತಗೀಬ್ಯಾಡ. ಒಳಗ ನನಗ ಏನರ ಆಗಲಿ.”

“ಏನ ಆಗತೈತಿ? ಹೊತ್ತ ಮುಳಗೂ ಹೊತ್ತಿನಾಗ ಅಂಥಾ ಮಾತ ಆಡಬ್ಯಾಡ.”

“ಕೇಳಿಲ್ಲೆ. ಅನಂತ ಎಲ್ಲಿ ಅದಾನ ಅಂತ ಹೇಳೂದಿಲ್ಲಂತ ಈಗ ಹೇಳ್ತೇನಿ. ಕೋಲ ಬೀಳಾಕ ಹತ್ತಿದ ಮ್ಯಾಲ ಏನ ಹೇಳ್ತೇನೋ ನನಗ ಗೊತ್ತಿಲ್ಲ. ಅವನ ಮನ್ಯಾಗ ಅವರವ್ವ ಒಬ್ಬಾಕೀನ ಅದಾಳ. ಲಿಂಗ ಮುಟ್ಟು.”

ಶಿವಬಸವ್ವ ಮುಟ್ಟಿದಳು. ಮುಟ್ಟಿದ ಕೈ ಮನೆ ಮುಟ್ಟುವತನಕ ತಣ್ಣಗಿತ್ತು.

ಕೆಲವು ದಿನ ಕಳೆದು, ಬೆಳಗಿನ ಹಾಲು ಒಯ್ಯಲು ಮನೆಗೆ ಬಂದ ಹುಚ್ಚಪ್ಪ ಹಿತ್ತಲಲ್ಲಿ ಸುಮ್ಮನೆ ನಿಂತ. ಸಾವಕಾರ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, “ಯವ್ವಾರ, ಒಂಚೂರ ಬಂದ ಆ ಗಿಡಾ ನೋಡ್ರಿ,” ಎಂದ.

ಆಷಾಢಿಯ ಮೂಡಲ ಟೊಂಗೆಯ ತುದಿಗಳೆಲ್ಲ ಕೆಂಪಾಗಿದ್ದವು. ಮೊದಲು ಚಿಗುರಿರಬಹುದು ಎಂದುಕೊಂಡಳು. ಚಿಗುರಲ್ಲ, ಮೊಗ್ಗು. ನೋಡನೋಡುತ್ತ ಆ ವಾರದಲ್ಲಿ ಟೊಂಗೆ ತುಂಬ ಗೊಂಚಲು ಬಿಚ್ಚಿಕೊಂಡು, ಎಲೆ ಕಾಣದಂತೆ ಅರಳಿ, ಜೇನುಹುಳಗಳು ಗುಂಯ್‌ಗುಡತೊಡಗಿದವು. ಉಳಿದ ಮೂರು ದಿಕ್ಕಿನ ಟೊಂಗೆಗಳು ಎಂದಿನಂತೆ ಕಪ್ಪುಹಸಿರಾಗಿ ನಿದ್ದೆ ಮಾಡುತ್ತಿದ್ದವು. ಹಗೇವಿನ ನೆತ್ತಿಯ ಮೇಲಿನ ಟೊಂಗೆಯೊಂದೇ ಎಚ್ಚರವಾಗಿತ್ತು. ದೂರದಿಂದ ನೋಡಿದರೆ, ಕತ್ತಲ ಮನೆಯಲ್ಲಿ ಒಂದೇ ಕಿಟಕಿಗೆ ದೀಪವಿಟ್ಟ ಹಾಗೆ.

“ಬಡದ ಉದುರಸಲೇನ್ರಿ?” ಎಂದ ಹುಚ್ಚಪ್ಪ.

“ಹೂ ಬಡೀತಾರೇನೋ? ಆ ಸಪ್ಪಳಕ್ಕ ಅವರ ಓಡಿ ಬರ್ತಾರ.”

‘ಅವರು’ ಬಡಿಯದಿದ್ದರೂ ಓಡಿ ಬಂದರು. ಕರಿಬಸಪ್ಪ ಗಿಡದ ಕೆಳಗೆ ನಿಂತು, ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಎಷ್ಟೋ ಹೊತ್ತು ಮೇಲೆ ನೋಡಿದ. ಅವನ ಕಣ್ಣಲ್ಲಿ ನೀರು ಬಂದಿತ್ತು.

“ನಮ್ಮ ಅವ್ವ ಈ ವರ್ಷ ಮೊದಲನ ಪಂಕ್ತಿಗೆ ಕುಂತಾಳ ನೋಡು,” ಎಂದ.

“ಏನ್ರಿ, ಯಾರ ಮುಂದೂ ಹೇಳಬ್ಯಾಡ್ರಿ. ದೃಷ್ಟಿ ಆದೀತು.”

“ಹುಚ್ಚಿ, ನಾ ಯಾಕ ಹೇಳಲಿ?” ಎಂದವನು ಮಧ್ಯಾಹ್ನದೊಳಗೆ ಓಣಿಗೆಲ್ಲ ಹೇಳಿದ್ದ. ಮರುದಿನ ಹಾನಗಲ್ಲಿನ ಸಂತೆಯಲ್ಲಿ ಹೇಳಿದ. ಚಹಾದಂಗಡಿಯಲ್ಲಿ ಕುಳಿತ ಪೊಲೀಸ್ ಜಮಾದಾರನಿಗೂ ಹೇಳಿ, “ನೀವೂ ಬಂದ ನೋಡ್ಬೇಕ್ರಿ ಸಾಹೇಬ್ರ,” ಎಂದು ಕೈಮುಗಿದು ಕರೆದ. ಹೆಂಡತಿಯ ತಮ್ಮ ತಲೆಮರೆಸಿಕೊಂಡಿದ್ದಾನೆ, ಅದೇ ಜಮಾದಾರ ಅವನನ್ನು ಹುಡುಕುತ್ತಿದ್ದಾನೆ ಎನ್ನುವುದು ಅವನಿಗೆ ಗೊತ್ತಿತ್ತು. ಆದರೆ ಹೂವಿಗೂ ಅದಕ್ಕೂ ಏನು ಸಂಬಂಧ?

ಊರ ಹಿರಿಯಳು ಗುತ್ತೆವ್ವ ಮಾತ್ರ ಸುದ್ದಿ ಕೇಳಿ ನಗಲಿಲ್ಲ. ಕೋಲೂರಿಕೊಂಡು ಶಿವಬಸವ್ವನ ಪಡಸಾಲೆಗೆ ಬಂದು ಕುಳಿತಳು.

“ಪೂರಾ ಗಿಡ ಬಿಟ್ಟೈತೋ ಅರ್ಧಾ ಗಿಡಾನೋ?”

“ಒಂದ ಟೊಂಗಿ ಆಯಿ.”

“ಯಾವ ಕಡೆ?”

“ಮೂಡಲಕ್ಕ.”

ಮುದುಕಿ ಎಲೆ ಅಡಿಕೆಯ ಚೀಲ ಬಿಚ್ಚಿದವಳು ಹಾಗೇ ಕಟ್ಟಿದಳು. “ಹೊತ್ತಲ್ಲದ ಹೊತ್ತಿನಾಗ ಒಂದ ಟೊಂಗಿ ಅರಳಿದರ ಚಲೋ ಅಲ್ಲ ತಂಗಿ. ಆ ಮನಿಯವರೊಬ್ಬರನ್ನ ಮಣ್ಣು ಕರ್ಯಾಕತ್ತೈತಿ ಅಂತ ನಮ್ಮತ್ತಿ ಹೇಳ್ತಿದ್ದಳು. ನಾಳೆ ಹೆಣ್ಣಮಕ್ಕಳನ್ನ ಕರಕೊಂಡ ಬರ್ತೇನಿ. ಗಿಡಕ್ಕ ಉಡಿ ತುಂಬಿ ಆರತಿ ಮಾಡೋಣು.”

ಶಿವಬಸವ್ವ ಹೂಂ ಎಂದಳು. ಗಿಡಕ್ಕೆ ಉಡಿ ತುಂಬುವುದು ಬೇಡವೆನ್ನುವ ಗೃಹಿಣಿ ಎಲ್ಲಿದ್ದಾಳೆ?

ಮರುದಿನ ಬೆಳಿಗ್ಗೆ ಸವಣೂರಿನ ಹಣ್ಣಿನ ವ್ಯಾಪಾರಿ, ಬಾಗವಾನ ಹಯಾತ ಬಂದ. ಪ್ರತಿವರ್ಷ ಹೂವಿನ ದಿನದಲ್ಲಿ ಬಂದು ತೋಟ ನೋಡಿ, ಹಣ್ಣಿನ ಮಾತು ಆಡಿಹೋಗುವ ಮನುಷ್ಯ. ಬಿಳಿಗಡ್ಡ, ಹೆಗಲ ಮೇಲೆ ಹಸಿರು ವಲ್ಲಿ. ಕರಿಬಸಪ್ಪ ಊರಲ್ಲಿ ಜನ ಕೂಡಿಸುತ್ತಿದ್ದ. ಹಯಾತನೇ ಗಿಡಗಳ ನಡುವೆ ಅಡ್ಡಾಡಿಕೊಂಡು ಮೂಲೆಗೆ ಬಂದು, ಆಷಾಢಿಯನ್ನು ನೋಡಿ ನಿಂತುಬಿಟ್ಟ. ಟೊಂಗೆ ನೋಡಿದ, ಬುಡ ನೋಡಿದ, ಬೂದಿ ನೋಡಿದ. ಬೂದಿಯ ಅಂಚಿನಲ್ಲಿ ಚೆಲ್ಲಿದ್ದ ನುಚ್ಚಿನ ಅಗುಳನ್ನು ಇರುವೆಗಳು ಹೊತ್ತು ನಡೆದಿದ್ದವು. ಕಾಲಿನಿಂದ ಅದರ ಮೇಲೆ ಮಣ್ಣು ಎಳೆದ.

“ಅಕ್ಕಾರ,” ಎಂದ, ಓಡಿಬಂದ ಶಿವಬಸವ್ವನ ಕಡೆ ನೋಡದೆ, “ನಮ್ಮ ವಾಲಿದ್, ನಮ್ಮಪ್ಪ, ನವಾಬರ ತ್ವಾಟದಾಗ ಇದ್ದರಲ್ರಿ, ಅವರೊಂದ ಆಟ ಮಾಡ್ತಿದ್ದರು. ತಡಾ ಬಿಡೋ ಗಿಡದ ಬುಡಕ್ಕ ದಿನಾ ಹೊಗಿ ಹಾಕೂದು. ಹೊಗಿ ಎಷ್ಟ ಟೊಂಗಿಗೆ ಬಡೀತೈತಿ ಅಷ್ಟ ಟೊಂಗಿ ಮೊದಲ ಹೂ ಬಿಡೂದು. ಉಳದದ್ದು ಮಲಗಿದ್ದಂಗ ಮಲಗಿರ್ತಿತ್ತು.”

ಶಿವಬಸವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಇದು ದೇವರು ಬಿಡಿಸಿದ್ದು ಹಯಾತಣ್ಣ.”

“ಹೌದ್ರಿ. ದೇವರ ಬಿಡಿಸಿದ್ದ. ನಾ ಬ್ಯಾರೆ ಎಲ್ಲಿ ಅಂದೆ?” ಗಡ್ಡ ನೀವಿಕೊಂಡ. “ಆದ್ರ ನಾ ತಿಳಿದಂಗ ಇನ್ನೊಬ್ಬಾಂವ ತಿಳೀಬಾರದಂತ ಇಲ್ಲ. ಇವತ್ತಿನಿಂದ ಇಲ್ಲೆ ಹೊಗಿ ಬ್ಯಾಡ. ನಾಳೆ ನಸಿಕಿಗೆ ನನ್ನ ಚಕ್ಕಡಿ ಬರ್ತೈತಿ, ಖಾಲಿ ಬುಟ್ಟಿ ಹೇರಕೊಂಡು. ವಾಪಸ್ ಹೋಗೂ ಮುಂದ ಬುಟ್ಟಿ ಖಾಲಿನ ಇರಬೇಕಂತ ಏನಿಲ್ಲ.”

ಯಾರು, ಎಲ್ಲಿ, ಯಾಕೆ ಎಂದು ಒಂದು ಮಾತು ಕೇಳದೆ ಅವನು ಅಕ್ಕಿಆಲೂರಿನ ಕಡೆ ಹೊರಟುಹೋದ. ಶಿವಬಸವ್ವ ಗಿಡಕ್ಕೆ ಆತು ನಿಂತಳು. ಒಂದೇ ಒಂದು ದಿನ. ಇವತ್ತೊಂದು ದಿನ ದಾಟಿದರೆ ಸಾಕು.

ಹೊತ್ತು ಇಳಿಯುವ ಮುಂಚೆ ಜನ ಬಂದರು. ಮುಂದೆ ಕರಿಬಸಪ್ಪ, ಅವನ ಮಗ್ಗುಲಲ್ಲಿ ಜಮಾದಾರ, ಹಿಂದೆ ಇಬ್ಬರು ಪೊಲೀಸರು, ಅವರ ಹಿಂದೆ ಆರತಿ ತಟ್ಟೆ ಹಿಡಿದ ಹೆಂಗಸರು. ಹುಚ್ಚಪ್ಪನಿಗೆ ಸಿಕ್ಕದ್ದು ಹಾಸುಗಲ್ಲು ಎಳೆದು ಮುಚ್ಚಿ, ಮೇಲೆ ಬೂದಿ ಮತ್ತು ತರಗೆಲೆ ಹರಡುವಷ್ಟು ಸಮಯ.

ಜಮಾದಾರ ಶಿಗ್ಗಾಂವಿಯಿಂದ ಬದಲಿಯಾಗಿ ಬಂದವನು. ಮೆತ್ತಗೆ ಮಾತಾಡುವ ಮನುಷ್ಯ. ಬೂಟು ಬಿಚ್ಚಿ ಬದಿಗಿಟ್ಟು ಹೂವಿಗೆ ಕೈಮುಗಿದ. ಹೆಂಗಸರು ಗಿಡಕ್ಕೆ ಖಣ ಕಟ್ಟಿದರು, ಉಡಿ ತುಂಬಿದರು, ಗುತ್ತೆವ್ವ ನಡುಗುವ ದನಿಯಲ್ಲಿ ಹಾಡು ಎತ್ತಿದಳು. ಕರಿಬಸಪ್ಪ ಪೈರಿಯಿಂದ ಹಿಡಿದು ಎಲ್ಲ ಗಿಡಗಳ ಗುಣ ಹೇಳಿದ. ಜಮಾದಾರ ಎಲ್ಲಕ್ಕೂ ತಲೆದೂಗಿದ.

“ಹೂ ಭಾಳ ಚಂದ ಬಿಟ್ಟೈತ್ರಿ ಸಾವಕಾರ್ರ. ಆದ್ರ ಒಂದ ಕಡೆನ ಯಾಕ?”

“ದೇವರ ಆಟ ಅಲ್ಲೇನ್ರಿ.”

“ದೇವರ ಬೂದಿನೂ ಒಟ್ಟತಾನೇನ್ರಿ?” ಕೈಯ ಬೆತ್ತದಿಂದ ನೆಲ ಕೆದಕಿದ. ತರಗೆಲೆಯ ಕೆಳಗೆ ಹಳೆಯ ಬೂದಿ ದಪ್ಪಗೆ ಗಟ್ಟಿಯಾಗಿತ್ತು. “ನಾನೂ ಒಕ್ಕಲತನದ ಮನ್ಯಾಂವ. ಹೂ ಬಂದ ಗಿಡಕ್ಕ ಹೊಗಿ ಹಾಕೂದ ಕಂಡೇನಿ. ಈ ಬೂದಿ ಹೂವಿಗಿಂತ ಹಳೇದೈತಿ.”

ಕರಿಬಸಪ್ಪ ತಬ್ಬಿಬ್ಬಾಗಿ ಹುಚ್ಚಪ್ಪನ ಕಡೆ ತಿರುಗಿದ. “ಇಲ್ಲೆ ಯಾಕ ಬೆಂಕಿ ಹಾಕಿದ್ದೆಲೇ?”

“ಚಳಿರಿ ಸಾವಕಾರ್ರ. ಕಾಸಿಕೊಳ್ಳಾಕ.”

“ಚಳಿಗೆ ಉರ್ಯೋ ಬೆಂಕಿ ಬೇಕು ಮುದುಕಾ, ಬೇವಿನ ಹೊಗಿ ಬೇಕೇನು?” ಜಮಾದಾರ ನಕ್ಕ. ಸುತ್ತಲಿನವರೂ ನಕ್ಕರು. ನಗುತ್ತಲೇ ಅವನು ಶಿವಬಸವ್ವನ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಕಂಬಳಿ ಹಾಸಿಸಿಕೊಂಡು ಅವಳಿಗೆ ಎದುರಾಗಿ ಕುಳಿತ. “ಇರಲಿ. ಸಾವಕಾರ್ರ, ನಮಗೂ ತೋರಸ್ರಿ, ಹೊಗಿ ಹೆಂಗ ಹಾಕತೀರಿ. ಇಲ್ಲೇ ಹಾಕ್ರಿ, ಬೂದಿ ಇದ್ದಲ್ಲೇ.”

ಕರಿಬಸಪ್ಪನಿಗೆ ಅಷ್ಟು ಸಾಕಾಯಿತು. ದೊಡ್ಡ ಸಾಹೇಬನಿಗೆ ತೋಟದ ಕೆಲಸ ತೋರಿಸುವುದೆಂದರೆ ಅವನಿಗೆ ಹಬ್ಬ. ಹುಚ್ಚಪ್ಪನ ಕೈಯಿಂದ ಕಸಬರಿಗೆ ಕಸಿದುಕೊಂಡು ತಾನೇ ತರಗೆಲೆ ಬಳಿದ. ಬಳಿದು ಒಟ್ಟಿದ್ದು ಸರಿಯಾಗಿ ಹಾಸುಗಲ್ಲಿನ ಮೇಲೆ. ಬೆಂಕಿ ಹಚ್ಚಿ, ಬೇವಿನ ಸೊಪ್ಪು ಮುರಿದು ಹೊರೆಹೊರೆಯಾಗಿ ಹಾಕಿದ. ಹೊಗೆ ಮೊದಲು ನೆಲ ಹಿಡಿದು ಹರಿದಾಡಿ, ಆಮೇಲೆ ಎದ್ದು ಟೊಂಗೆಯನ್ನು ತುಂಬಿತು. ಜೇನುಹುಳಗಳು ಹೂ ಬಿಟ್ಟು ಹಾರಿಹೋದವು.

“ಇನ್ನಷ್ಟ ಹಾಕ್ರಿ,” ಎಂದ ಜಮಾದಾರ.

ಶಿವಬಸವ್ವ ಗಿಡದ ಬೇರಿನ ಮೇಲೆ ಕುಳಿತಿದ್ದಳು. ಹಾಸುಗಲ್ಲಿಗೂ ಹಗೇವಿನ ಬಾಯಿಗೂ ನಡುವೆ ಬೆರಳು ತೂರುವಷ್ಟು ಸಂದು ಇರುವುದು ಅವಳಿಗೆ ಗೊತ್ತಿತ್ತು. ಅವನು ಉಸಿರಾಡಲೆಂದು ಅವಳೇ ಅಲ್ಲಿ ಕಲ್ಲಿನ ಚಕ್ಕೆ ಇಡಿಸಿದ್ದಳು. ಗಾಳಿ ಹೋಗುವ ದಾರಿಯಲ್ಲಿ ಈಗ ಹೊಗೆ ಹೋಗುತ್ತಿತ್ತು. ಗುತ್ತೆವ್ವ ಎರಡನೆಯ ಹಾಡು ಹಿಡಿದಿದ್ದಳು. ಹಾಡಿನ ನಡುವೆ ಬೇರಿನ ಮೂಲಕ ಏನೋ ಬಂದು ಶಿವಬಸವ್ವನ ಅಂಗಾಲಿಗೆ ಬಡಿಯಿತು. ಒಳಗೆ ಯಾರೋ ಕೆಮ್ಮು ತಡೆಯಲಾರದೆ ಗೋಡೆಗೆ ಮೈ ಬಡಿದುಕೊಳ್ಳುತ್ತಿದ್ದ ಹಾಗೆ. ಕಿವಿಗೆ ಏನೂ ಇಲ್ಲ, ಕಾಲಿಗೆ ಮಾತ್ರ. ಮತ್ತೆ ಬಡಿಯಿತು. ಮತ್ತೆ.

ಜಮಾದಾರ ಹೊಗೆ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಕೈಯಲ್ಲಿ ಯಾರೋ ಕೊಟ್ಟ ದಾಳಿಂಬೆ, ಒಂದೊಂದೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಯಾಕ ತಂಗಿ, ಹೊಗಿ ಕಣ್ಣಿಗೆ ಹೋತೇನು?”

“ಹೂಂ ಅಣ್ಣಾರ.”

“ಸರದ ಕುಂಡರವಾ ಮತ್ತ.”

ಅವಳು ಸರಿಯಲಿಲ್ಲ. ಲಿಂಗ ಮುಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇವರು ಎದ್ದು ಹೋಗಲಿ, ಹೊತ್ತು ಮುಳುಗಲಿ, ನಾಳೆ ನಸುಕಿಗೆ ಚಕ್ಕಡಿ ಬರುತ್ತದೆ. ಅಂಗಾಲಿಗೆ ಬಡಿಯುತ್ತಿದ್ದುದು ಮೆತ್ತಗಾಯಿತು. ಅವಳು ಕಾಲನ್ನು ಬೇರಿಗೆ ಒತ್ತಿ ಹಿಡಿದಳು. ಇನ್ನೂ ಮೆತ್ತಗಾಯಿತು. ಹಾಡು ನಡೆದೇ ಇತ್ತು. ಆಮೇಲೆ ಬಡಿಯುವುದು ನಿಂತುಹೋಯಿತು.

ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಉರಿಯುವ ಗುಡ್ಡೆಯನ್ನು ಬರಿಗಾಲಿನಿಂದ ಒದ್ದಳು. ಕೆಂಡ ಹಾರಿ ಹೆಂಗಸರು ಚೆದುರಿದರು. ಬಗ್ಗಿ ಬರಿಗೈಯಿಂದ ಹಾಸುಗಲ್ಲಿನ ಅಂಚು ಹಿಡಿದು ಎಳೆದಳು. ಅಂಗೈ ಸುಟ್ಟ ವಾಸನೆ ಎಲ್ಲರಿಗೂ ಬಂತು. ಕಲ್ಲು ಒಬ್ಬಳಿಗೆ ಜಗ್ಗಲಿಲ್ಲ.

“ಏನ ನೋಡ್ಕೋತ ನಿಂತೀರಿ?” ಎಂದು ಪೊಲೀಸರಿಗೇ ಅಂದಳು. “ಹಿಡೀರಿ. ನನ್ನ ತಮ್ಮ ಅದಾನ ಒಳಗ.”

ಪೊಲೀಸರೂ ಹುಚ್ಚಪ್ಪನೂ ಸೇರಿ ಕಲ್ಲು ಸರಿಸಿದರು. ಒಳಗಿನಿಂದ ಎದ್ದ ಹೊಗೆ ತೆಳುವಾದ ಮೇಲೆ ಪರಮೇಶಪ್ಪನನ್ನು ಎತ್ತಿ ಬೇರಿನ ಮೇಲೆ ಮಲಗಿಸಿದರು. ಮೈ ಬೂದಿಬಣ್ಣ, ತುಟಿ ನೀಲಿ. ಮುಖಕ್ಕೆ ನೀರು ಹೊಡೆದು, ಎದೆ ತಿಕ್ಕಿ, ಶಿವಬಸವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಕೆಮ್ಮು ಬಂತು. ಅದರ ಹಿಂದೆ ಇನ್ನೊಂದು. ಅವನು ಕಣ್ಣು ತೆರೆದಾಗ ಮೊದಲು ಕಂಡದ್ದು ಮೇಲಿನ ಟೊಂಗೆ. ಆಮೇಲೆ ಅಕ್ಕ.

“ಯಾಕ ತಗದಿ?”

ಅವಳು ತಂಬಿಗೆಯನ್ನು ಅವನ ಬಾಯಿಗಿಟ್ಟಳು. ನೀರು ಕುಡಿಯುವ ನೆವದಲ್ಲಿ ಅವನು ಅವಳ ಕೊರಳು ಬಳಸಿ, ಕಿವಿಯಲ್ಲಿ ಉಸಿರಿನಷ್ಟೇ ದನಿಯಲ್ಲಿ ಹೇಳಿದ: “ಮಾಸೂರ. ಮದಗದ ಕೆರಿ ಕೆಳಗ ಭರಮಪ್ಪನ ಕಬ್ಬಿನ ಗಾಣ. ಲಗೂನ ಹೇಳಿ ಕಳಸು. ಎಷ್ಟ ತಡಕೊಳ್ತೇನೋ ಗೊತ್ತಿಲ್ಲ.”

ಜಮಾದಾರ ಬೂಟು ಹಾಕಿಕೊಂಡ. ಬೈಯಲಿಲ್ಲ, ಕೂಗಲಿಲ್ಲ. “ಮನಿಯವರನ್ನ ಆಮ್ಯಾಲ ಕೇಳೋಣು, ಎಲ್ಲಿ ಹೋಗತಾರ ಅವರು,” ಎಂದು ಒಬ್ಬ ಪೊಲೀಸನನ್ನು ತೋಟದಲ್ಲೇ ಬಿಟ್ಟು, ಪರಮೇಶಪ್ಪನನ್ನು ಕರಿಬಸಪ್ಪನ ಚಕ್ಕಡಿಯಲ್ಲೇ ಮಲಗಿಸಿಕೊಂಡು ಹಾನಗಲ್ಲಿಗೆ ಹೋದ. ಗುತ್ತೆವ್ವ ಆರತಿ ತಟ್ಟೆಯ ದೀಪ ಆರಿದ್ದನ್ನೇ ನೋಡುತ್ತ ಕುಳಿತಿದ್ದಳು. ಕರಿಬಸಪ್ಪ ಕಸಬರಿಗೆ ಹಿಡಿದುಕೊಂಡೇ ನಿಂತಿದ್ದ. ಯಾರೋ ಬಂದು ಅವನ ಕೈಯಿಂದ ಅದನ್ನು ಬಿಡಿಸಿಕೊಂಡರು. ಆ ಸಂಜೆ ಅವನು ಯಾರೊಡನೆಯೂ ಮಾತಾಡಲಿಲ್ಲ. ಹೆಂಡತಿಯ ಸುಟ್ಟ ಕೈಗೆ ಬೆಣ್ಣೆ ಸವರುವಾಗ ಮಾತ್ರ, “ನನಗ ಒಂದ ಮಾತ ಹೇಳಬಾರದಾಗಿತ್ತ?” ಎಂದು ಕೇಳಿದ. ಕೇಳಿದವನೇ ತನ್ನ ಪ್ರಶ್ನೆಗೆ ತಾನೇ ತಲೆ ತಗ್ಗಿಸಿದ.

ನಸುಕಿಗೆ ಹಯಾತನ ಚಕ್ಕಡಿ ಬಂತು. ಅಕ್ಕಿಆಲೂರಿನಲ್ಲೇ ಅವನಿಗೆ ಸುದ್ದಿ ತಿಳಿದಿತ್ತು. ಆದರೂ ಬಂದಿದ್ದ. ಬರುತ್ತೇನೆಂದು ಹೇಳಿದ್ದನಲ್ಲ. ಶಿವಬಸವ್ವ ಕೈಗೆ ಅರಿವೆ ಸುತ್ತಿಕೊಂಡು ಚಕ್ಕಡಿಯ ಬಳಿ ಬಂದು, ಖಾಲಿ ಬುಟ್ಟಿಗಳನ್ನು ಎತ್ತಿ ಎತ್ತಿ ನೋಡುವ ಹಾಗೆ ಮಾಡಿ, ಭರಮಪ್ಪನ ಗಾಣದ ಮಾತು ಹೇಳಿದಳು. ಹಯಾತ ಬುಟ್ಟಿಯ ಹಗ್ಗ ಬಿಗಿಯುತ್ತ ಕೇಳಿಸಿಕೊಂಡ.

“ಈ ಬುಟ್ಟಿ ಗಟ್ಟಿ ಅದಾವ್ರಿ ಅಕ್ಕಾರ. ಹರಿಯೂದಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎತ್ತು ಹೊಡೆದ.

ತೋಟದ ಮುಂದಿನ ದಾರಿ ಬಡಗಲಿಗೆ ಹೋದರೆ ಹಾನಗಲ್ಲು ದಾಟಿ ಸವಣೂರು. ತೆಂಕಲಿಗೆ ಹೋದರೆ ತಿಳವಳ್ಳಿಯ ಮೇಲೆ ಹಾಯ್ದು ಹಿರೇಕೆರೂರು, ಮಾಸೂರು. ಗೇಟಿನಲ್ಲಿ ಕುಳಿತಿದ್ದ ಕರಿಬಸಪ್ಪ ನೋಡನೋಡುತ್ತಿದ್ದಂತೆ ಸವಣೂರಿನ ಬಾಗವಾನನ ಚಕ್ಕಡಿ ತೆಂಕಲಿಗೆ ತಿರುಗಿತು. ಅವನು ಬಾಯಿ ತೆರೆದ. ತಿರುಗಿ ಹೆಂಡತಿಯನ್ನು ನೋಡಿದ. ಅವಳು ಅವನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಬಾಯಿ ಹಾಗೇ ಮುಚ್ಚಿತು.

ಕಾವಲಿನ ಪೊಲೀಸ ಆಷಾಢಿಯ ಕೆಳಗಿನಿಂದ ಎದ್ದು, ಆಕಳಿಸುತ್ತ ಗೇಟಿನ ಕಡೆ ಬಂದ. ಅವನ ಟೊಪ್ಪಿಗೆಯ ಮೇಲೆ, ಹೆಗಲ ಮೇಲೆ ಸಣ್ಣ ಸಣ್ಣ ಹೂ ಉದುರಿದ್ದವು.

“ಚಕ್ಕಡಿ ಯಾರದ್ರಿ ಸಾವಕಾರ್ರ?”

“ಬಾಗವಾನಂದು,” ಎಂದ ಕರಿಬಸಪ್ಪ. “ಹೂ ನೋಡಾಕ ಬಂದಿದ್ದ.”

“ಎಲ್ಲಿಗೆ ಹೋದಾ?”

“ಸವಣೂರಿಗೆ.”

ಪೊಲೀಸ ದಾರಿಯ ಕಡೆ ಕುತ್ತಿಗೆ ಚಾಚಿದ. ತೆಂಕಲ ತಿರುವಿನಲ್ಲಿ ಧೂಳು ಇನ್ನೂ ಕೂತಿರಲಿಲ್ಲ. ಕರಿಬಸಪ್ಪ ಎದ್ದು ಅವನ ತೋಳು ಹಿಡಿದ.

“ಬರ್ರಿ ಇಲ್ಲೆ, ನಿನ್ನೆ ನಿಮಗ ಪೂರಾ ತೋರಸಾಕ ಆಗಲಿಲ್ಲ. ಇದು ಪೈರಿ. ಭಾಳ ಅವಸರದಾಕಿ. ಇಲ್ಲೆ ಬಗ್ಗಿ ನೋಡ್ರಿ, ಆಗಲೇ ಕಾಯಿ ಕಚ್ಚೈತಿ. ಇನ್ನ ಈ ಆಪೂಸ ಐತೆಲ್ಲ,” ಎನ್ನುತ್ತ ಅವನನ್ನು ದಾರಿಗೆ ಬೆನ್ನು ಮಾಡಿಸಿ, ಗಿಡದಿಂದ ಗಿಡಕ್ಕೆ, ತೋಟದ ಒಳಕ್ಕೆ ಒಳಕ್ಕೆ ನಡೆಸಿಕೊಂಡು ಹೋದ. ಹಿಡಿದ ತೋಳನ್ನು ಬಿಡಲಿಲ್ಲ. ಮಾತನ್ನೂ ನಿಲ್ಲಿಸಲಿಲ್ಲ.